ಅಲ್ಮಾಕ್ ಪರೀಕ್ಷೆಯಲ್ಲಿ 70 ಮಿ.ಮೀ. ದೂರದರ್ಶಕ: ಮಸೂರ ಪಾಸು, ಸ್ಟ್ಯಾಂಡು ಫೇಲು

ಆನ್‌ಲೈನಿನಲ್ಲಿ ಬೇರೆ ಬೇರೆ ಹೆಸರಲ್ಲಿ ಸಿಗುವ 70 ಮಿ.ಮೀ. ಮಸೂರದ, 900 ಮಿ.ಮೀ. ನಾಭಿದೂರದ (ಮಸೂರದಿಂದ ಬಿಂಬ ಮೂಡುವಲ್ಲಿಗಿರುವ ದೂರ) ದೂರದರ್ಶಕವನ್ನು ಚಂದ್ರನ ಮೇಲೆ ಪರೀಕ್ಷಿಸಿದರೆ ಏನೂ ತಿಳಿಯುವುದಿಲ್ಲ. ಚಂದ್ರ ಎಂಥ ಮಸೂರದಲ್ಲೂ ಚೆಂದವಾಗಿಯೇ ಕಾಣುತ್ತಾನೆ. ಮಸೂರ, ಪ್ರಿಸಂ, ಸ್ಟ್ಯಾಂಡು ಈ ಮೂರರ ಯೋಗ್ಯತೆಯೂ ಒಂದೇ ರಾತ್ರಿಯಲ್ಲಿ ಗೊತ್ತಾಗಬೇಕಾದರೆ ಅದನ್ನು ದೇವಯಾನಿ ಪುಂಜದ ಅಲ್ಮಾಕ್ ಎಂಬ ಜೋಡಿ ತಾರೆಯ ಕಡೆ ತಿರುಗಿಸಬೇಕು.

ಬರಿಗಣ್ಣಿಗೆ ಅಲ್ಮಾಕ್ ಒಂದೇ ಚುಕ್ಕಿ, ಕಾಂತಿಮಾನ ಸುಮಾರು 2.1 (ಈ ಅಂಕಿ ಕಡಿಮೆಯಾದಷ್ಟೂ ತಾರೆ ಹೆಚ್ಚು ಪ್ರಕಾಶಮಾನ). ಅದು ಜೋಡಿಯೆಂದು ಯೋಹಾನ್ ಟೋಬಿಯಾಸ್ ಮೇಯರ್ ದಾಖಲಿಸಿದ್ದು 1778ರಲ್ಲಿ. ದೊಡ್ಡದು ತನ್ನ ಒಡಲಿನ ಹೈಡ್ರೋಜನ್ ಉರಿಸಿ ಮುಗಿಸಿ ಉಬ್ಬಿಕೊಂಡ ದೈತ್ಯ ತಾರೆ. ಸೂರ್ಯನ ಸುಮಾರು 80 ಪಟ್ಟು ಅಗಲ, ಮೇಲ್ಮೈ ತಣ್ಣಗಾಗಿರುವುದರಿಂದ ಹೊಂಬಣ್ಣ. ಅದರಿಂದ ಹತ್ತು ಆರ್ಕ್ ಸೆಕೆಂಡಿಗಿಂತ (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ತುಸು ಕಡಿಮೆ ದೂರದಲ್ಲಿ 4.8 ಕಾಂತಿಮಾನದ ಬಿಸಿ, ಬಿಳಿ ಸಂಗಾತಿ ಇದೆ. ಹೊಂಬಣ್ಣದ ಪಕ್ಕದಲ್ಲಿರುವುದರಿಂದ ಕಣ್ಣು ಅದನ್ನು ನೀಲಿ ಎಂದೇ ಓದುತ್ತದೆ. ಈ ಸಂಗಾತಿಯೂ ಒಂಟಿಯಲ್ಲ. ಖಗೋಳಜ್ಞ ವಿಲ್ಹೆಲ್ಮ್ ಸ್ಟ್ರೂವ 1842ರಲ್ಲಿ ಅದನ್ನು ಎರಡಾಗಿ ಕಂಡ, ಆ ಎರಡರಲ್ಲಿ ಒಂದು ಮತ್ತೆ ಸುಮಾರು 2.7 ದಿನಕ್ಕೊಮ್ಮೆ ಸುತ್ತುವ ಜೋಡಿ. ಒಟ್ಟು ನಾಲ್ಕು ತಾರೆಗಳು. 70 ಮಿ.ಮೀ.ಗೆ ಸಿಗುವುದು ಎರಡೇ. ಉಳಿದವು ಕಾಣಲಿಲ್ಲವೆಂದು ದೂರದರ್ಶಕವನ್ನು ದೂರಬಾರದು.

ಹುಡುಕುವುದು ಸುಲಭ. ಪೂರ್ವಾಭಾದ್ರ, ಉತ್ತರಾಭಾದ್ರ ನಕ್ಷತ್ರಗಳು ಸೇರಿ ಆಗುವ ದೊಡ್ಡ ಚೌಕದ ಈಶಾನ್ಯ ಮೂಲೆ ಅಲ್ಫೆರಾಟ್ಜ್. ಅಲ್ಲಿಂದ ಈಶಾನ್ಯಕ್ಕೇ ಸಾಗಿದರೆ ಮಿರಾಕ್, ಹೆಚ್ಚುಕಡಿಮೆ ಅಷ್ಟೇ ದೂರ ಮುಂದೆ ಹೋದರೆ ಅಲ್ಮಾಕ್. ಡಿಸೆಂಬರ್ ಮೊದಲ ವಾರದಲ್ಲಿ ರಾತ್ರಿ 9ರ ಹೊತ್ತಿಗೆ ಬೆಂಗಳೂರಿನಲ್ಲಿ ಉತ್ತರ ದಿಕ್ಕಿನಲ್ಲಿ 60 ಡಿಗ್ರಿ ಎತ್ತರದಲ್ಲಿರುತ್ತದೆ, ಬೀದರಿನಲ್ಲಿ ಇನ್ನೈದು ಡಿಗ್ರಿ ಮೇಲೆ. ಊರಿನ ಬೀದಿದೀಪಗಳ ಬೆಳಕಲ್ಲೂ ತೊಂದರೆಯಿಲ್ಲ.

ಈಗ ಮಸೂರದ ಮಾತು. 20 ಮಿ.ಮೀ. ಐಪೀಸ್ (ಕಣ್ಣಿಡುವ ಕಡೆಯ ಪುಟ್ಟ ಮಸೂರ) ಹಾಕಿದರೆ 45 ಪಟ್ಟು ವರ್ಧನೆ. ಜೋಡಿ ಬಿಡಿಸಿಕೊಳ್ಳುತ್ತದೆ, ಆದರೆ ದೊಡ್ಡ ತಾರೆ ಹತ್ತು ಪಟ್ಟು ಪ್ರಕಾಶಮಾನವಾಗಿರುವುದರಿಂದ ಸಂಗಾತಿ ಅದರ ಬೆಳಗಿಗೆ ಅಂಟಿಕೊಂಡಂತಿರುತ್ತದೆ. 10 ಮಿ.ಮೀ. ಹಾಕಿ 90 ಪಟ್ಟಿಗೆ ಹೋದರೆ ನಡುವೆ ಸ್ವಚ್ಛವಾದ ಕತ್ತಲು. ನಾಭಿ ಅನುಪಾತ, ಅಂದರೆ ನಾಭಿದೂರವನ್ನು ಮಸೂರದ ಅಗಲದಿಂದ ಭಾಗಿಸಿದ್ದು, ಎಫ್/13 ಆಗಿರುವುದರಿಂದ ಅಗ್ಗದ ಎರಡು ಗಾಜಿನ ಮಸೂರದಲ್ಲೂ ನೇರಳೆ ಅಂಚು ತೀರಾ ಕಡಿಮೆ. ಬಣ್ಣವೇ ಮುಖ್ಯವಾದ ಈ ಜೋಡಿಗೆ ಅದು ದೊಡ್ಡ ವರ. ಇದೇ 70 ಮಿ.ಮೀ.ಯ ಗಿಡ್ಡ ಕೊಳವೆಯ, 400 ಮಿ.ಮೀ. ನಾಭಿದೂರದ ಮಾದರಿಯನ್ನು ಈ ಕೆಲಸಕ್ಕೆ ಕೊಳ್ಳಲೇಬೇಡಿ. ಅದರಲ್ಲಿ ನೇರಳೆ ಮಂಜು ಸಂಗಾತಿಯ ಬಣ್ಣವನ್ನು ಕೆಡಿಸುತ್ತದೆ. ಬಣ್ಣ ಮಂಕೆನಿಸಿದರೆ ಫೋಕಸನ್ನು ಕೂದಲೆಳೆಯಷ್ಟು ತಪ್ಪಿಸಿ ನೋಡಿ. ಚುಕ್ಕಿ ಬಿಲ್ಲೆಯಾಗಿ ಹರಡಿದಾಗ ಬಣ್ಣ ಎದ್ದು ಕಾಣುತ್ತದೆ.

ಜೊತೆಗೆ ಬರುವ ನೇರಬಿಂಬದ ಪ್ರಿಸಂ ಮಾತ್ರ ಒಪ್ಪುವಂಥದ್ದಲ್ಲ. ಹಕ್ಕಿ, ಗುಡ್ಡ ನೋಡಲು ಸರಿ. ಆದರೆ ಅದರ ಮೇಲ್ಛಾವಣಿಯಂಥ ಅಂಚು ಬೆಳಕಿನ ದಾರಿಯ ನಡುವೆ ಬರುವುದರಿಂದ ಪ್ರಕಾಶಮಾನ ತಾರೆಯ ಮೈಮೇಲೆ ಒಂದು ಗೆರೆ ಮೂಡುತ್ತದೆ, ಅದು ಸಂಗಾತಿಯ ದಿಕ್ಕಿಗೇ ಬಿದ್ದರೆ ಜೋಡಿ ಕಾಣುವುದೇ ಕಷ್ಟ. ಪ್ರಿಸಂ ಅನ್ನು ಸ್ವಲ್ಪ ತಿರುಗಿಸಿದರೆ ಗೆರೆಯೂ ತಿರುಗುತ್ತದೆ, ತಪ್ಪು ಮಸೂರದ್ದಲ್ಲ ಎಂಬುದಕ್ಕೆ ಇದೇ ಗುರುತು. 1.25 ಇಂಚಿನ, 90 ಡಿಗ್ರಿಯ ಸಾಧಾರಣ ಕನ್ನಡಿ ಡಯಾಗನಲ್ (ಬೆಳಕನ್ನು ತಿರುಗಿಸಿ ಐಪೀಸಿಗೆ ಕಳಿಸುವ ಭಾಗ) ಹಾಕಿದರೆ ಸಮಸ್ಯೆ ಮುಗಿಯಿತು. ಮೊದಲ ಖರ್ಚು ಇದಕ್ಕೇ ಆಗಲಿ. ಡಬ್ಬಿಯಲ್ಲಿ 3ಎಕ್ಸ್ ಬಾರ್ಲೋ (ವರ್ಧನೆಯನ್ನು ಮೂರು ಪಟ್ಟು ಮಾಡುವ ಮಸೂರ) ಇದ್ದರೆ ಎತ್ತಿಡಿ. 10 ಮಿ.ಮೀ. ಜೊತೆ ಅದು 270 ಪಟ್ಟು ಕೊಡುತ್ತದೆ, 70 ಮಿ.ಮೀ. ಮಸೂರ ತಾಳುವುದು ಹೆಚ್ಚೆಂದರೆ 140. ಅದರ ಬದಲು 8 ಮಿ.ಮೀ. ಪ್ಲಾಸಲ್ ಐಪೀಸ್ ತೆಗೆದುಕೊಂಡರೆ 112 ಪಟ್ಟಿನಲ್ಲಿ ಬಿಂಬ ಚೂಪಾಗಿಯೇ ಇರುತ್ತದೆ.

ಇನ್ನು ಸ್ಟ್ಯಾಂಡು. ಇಡೀ ಸೆಟ್ಟಿನಲ್ಲಿ ಇದೇ ಕಳಪೆ. ಫೋಕಸ್ ಗುಂಡಿ ಮುಟ್ಟಿದರೆ ಸಾಕು, 90 ಪಟ್ಟಿನಲ್ಲಿ ಎರಡು ಚುಕ್ಕಿ ನಾಲ್ಕಾಗಿ ಕುಣಿಯುತ್ತವೆ. ಕಾಲುಗಳನ್ನು ಪೂರ್ತಿ ಎಳೆಯದೆ ಗಿಡ್ಡವಾಗಿಟ್ಟು ಸ್ಟೂಲಿನ ಮೇಲೆ ಕುಳಿತು ನೋಡಿ. ಮೂರು ಕಾಲಿನ ನಡುವಿನ ತಟ್ಟೆಗೆ ಎರಡು ಲೀಟರ್ ನೀರಿನ ಬಾಟಲಿ ಚೀಲದಲ್ಲಿ ಕಟ್ಟಿ ತೂಗುಬಿಡಿ, ಬೋಲ್ಟುಗಳನ್ನು ಬಿಗಿ ಮಾಡಿ. ಸ್ಟ್ಯಾಂಡಿನ ಹಿಡಿ ಬಿಗಿದಾಗ ಕೊಳವೆಯ ಮೂತಿ ತುಸು ಕೆಳಗಿಳಿಯುತ್ತದೆ, ಹಾಗಾಗಿ ತಾರೆಗಿಂತ ಸ್ವಲ್ಪ ಮೇಲೆ ಗುರಿಯಿಟ್ಟು ಬಿಗಿಯಬೇಕು. ಭೂಮಿ ತಿರುಗುವುದರಿಂದ 90 ಪಟ್ಟಿನಲ್ಲಿ ಅಲ್ಮಾಕ್ ನೋಟದ ಒಂದು ಅಂಚಿನಿಂದ ಇನ್ನೊಂದಕ್ಕೆ ಸುಮಾರು ಮೂರು ನಿಮಿಷದಲ್ಲಿ ದಾಟುತ್ತದೆ. ಒಂದು ಅಂಚಿಗೆ ತಂದು ಬಿಟ್ಟು ಕೈ ತೆಗೆದು ನೋಡುವುದೇ ಜಾಣತನ. ಗುರಿ ಹಿಡಿಯಲು ಬಳಸುವ ಕೆಂಪು ಚುಕ್ಕಿಯ ಫೈಂಡರನ್ನು ಹಗಲಲ್ಲೇ ದೂರದ ಮೊಬೈಲ್ ಟವರಿನ ತುದಿಗೆ ಹೊಂದಿಸಿಟ್ಟುಕೊಳ್ಳಿ.

ವಾಪಸು ಕೊಡುವ ಗಡುವು ಮುಗಿಯುವ ಮೊದಲು ಇಷ್ಟು ನೋಡಿ. ಕೊಳವೆಯನ್ನು ಅರ್ಧ ಗಂಟೆ ಹೊರಗಿಟ್ಟು ತಣಿಸಿ, ಡಯಾಗನಲ್ ತೆಗೆದು ಐಪೀಸನ್ನೇ ನೇರ ಹಾಕಿ. ಫೋಕಸ್ ಕೊಳವೆಯ ಉದ್ದ ಸಾಲದೆ ಫೋಕಸ್ ಸಿಗದಿದ್ದರೆ ಐಪೀಸನ್ನು ಸ್ವಲ್ಪ ಹೊರಗೆಳೆದು ಬಿಗಿಯಿರಿ. ಅಲ್ಮಾಕ್ ಅನ್ನು ನಟ್ಟನಡುವೆ ತಂದು ಫೋಕಸ್ ತಪ್ಪಿಸಿದಾಗ ಕಾಣುವ ಉಂಗುರಗಳು ಏಕಕೇಂದ್ರವಾಗಿರಬೇಕು. ಒಂದು ಬದಿಗೆ ವಾಲಿದ್ದರೆ ಮಸೂರ ಓರೆಯಾಗಿ ಕೂತಿದೆ. ಚುಕ್ಕಿ ಮೂರು ಮೂಲೆಯಾಗಿ ಕಂಡರೆ ಮಸೂರದ ಬಳೆ ಅತಿಯಾಗಿ ಬಿಗಿದಿದೆ. ಎರಡಕ್ಕೂ ಸ್ಕ್ರೂಡ್ರೈವರ್ ಹಿಡಿಯಬೇಡಿ, ಬದಲಿಸಿಕೊಡಲು ಕೇಳಿ.

ಅಲ್ಮಾಕ್ ಸಲೀಸಾಗಿ ಬಿಡಿಸಿದ ದೂರದರ್ಶಕಕ್ಕೆ ಮುಂದಿನ ಪರೀಕ್ಷೆ ಸಿಂಹ ರಾಶಿಯಲ್ಲಿ, ಮಘಾದ ಮೇಲಿನ ಕುಡುಗೋಲಿನಾಕಾರದ ತಾರೆಗಳ ಸಾಲಿನಲ್ಲಿರುವ ಅಲ್ಜೀಬಾ. ಅಲ್ಲಿ ಎರಡೂ ದೈತ್ಯ ತಾರೆಗಳೇ, ನಡುವಿನ ಅಂತರ ಐದು ಆರ್ಕ್ ಸೆಕೆಂಡಿಗಿಂತ ಕಡಿಮೆ. 112 ಪಟ್ಟು ಬೇಕಾಗುತ್ತದೆ. ಕರ್ನಾಟಕದಲ್ಲಿ ಅದು ಹೆಚ್ಚುಕಡಿಮೆ ನೆತ್ತಿಯ ಮೇಲೇ ಹಾಯುತ್ತದೆ, ಆಗ ಈ ಸ್ಟ್ಯಾಂಡಿನ ಕಾಲಿಗೆ ಕೊಳವೆ ತಾಗುತ್ತದೆ. ನೆತ್ತಿಗೇರುವ ಎರಡು ಗಂಟೆ ಮೊದಲೇ, ಪೂರ್ವದಲ್ಲಿರುವಾಗ ನೋಡಿ ಮುಗಿಸಿ.