ಶ್ರುತಿ ಸರಿಮಾಡಿಕೊಟ್ಟ ರೆಕಾರ್ಡ್ ಅಂಗಡಿ

ಮೂರು ತಿಂಗಳ ಹಿಂದೆ ತುಮಕೂರಿನ ಎಂ.ಜಿ. ರಸ್ತೆ ಹಿಂದಿನ ಒಂದು ಗಲ್ಲಿಯಲ್ಲಿ ಹಳೇ ರೆಕಾರ್ಡ್ ಪ್ಲೇಯರ್ ತಗೊಂಡೆ. ಸ್ಪೀಕರ್ ಸೇರಿ 6,500 ರೂಪಾಯಿ. ಅಂಗಡಿಗೆ ಬೋರ್ಡ್ ಇಲ್ಲ. ಮುಂದೆ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ, ಹಿಂದೆ ಎರಡು ಕಬ್ಬಿಣದ ರ್‍ಯಾಕ್ ತುಂಬ ಎಲ್‌ಪಿಗಳು. ಹೆಚ್ಚಿನವು ಕನ್ನಡ, ಹಿಂದಿ ಸಿನಿಮಾದವು. ಕೆಳಗಿನ ಸಾಲಿನಲ್ಲಿ ಮಾತ್ರ ಯುರೋಪಿನ ಸಂಗೀತ. ನಾನು ಹೋಗಿದ್ದೇ ಅದಕ್ಕೆ.

ಎಸ್.ಎಸ್. ಪುರಂನಲ್ಲಿ ಮಕ್ಕಳಿಗೆ ಸುಗಮ ಸಂಗೀತ ಹೇಳಿಕೊಡುತ್ತೇನೆ. ಕವಿ ಬರೆದದ್ದಕ್ಕೆ ಇನ್ನೊಬ್ಬರು ರಾಗ ಹಾಕುತ್ತಾರೆ, ಮಾತಿಗೆ ಪೆಟ್ಟಾಗದ ಹಾಗೆ ನಾವು ಹಾಡಬೇಕು. ಇನ್ನೂರು ವರ್ಷದ ಹಿಂದೆ ವಿಯೆನ್ನಾದಲ್ಲಿ ಶೂಬರ್ಟ್ ಕವಿತೆಗಳಿಗೆ ರಾಗ ಹಾಕುತ್ತಿದ್ದ. ಬದುಕಿದ್ದು 31 ವರ್ಷ, ಬಿಟ್ಟುಹೋದದ್ದು 600ಕ್ಕೂ ಜಾಸ್ತಿ ಹಾಡು. ಒಂದು ದನಿ, ಒಂದು ಪಿಯಾನೊ, ಅಷ್ಟೇ. ಇಂಥ ಹಾಡಿಗೆ ಜರ್ಮನ್ನಿನಲ್ಲಿ ಲೀಡ್ ಅಂತಾರೆ. ಜರ್ಮನ್ ಕವಿ ಗಯಟೆಯ ಒಂದು ಕವಿತೆಗೆ 1814ರಲ್ಲಿ ರಾಗ ಹಾಕಿದಾಗ ಅವನಿಗೆ ಹದಿನೇಳು ವರ್ಷ. ಹುಡುಗಿ ರಾಟೆ ತಿರುಗಿಸುತ್ತಾ ಹಾಡುತ್ತಾಳೆ, ಪಿಯಾನೊನೇ ಆ ರಾಟೆ. ಪ್ರಿಯಕರ ಕೊಟ್ಟ ಮುತ್ತು ನೆನಪಾದ ಕೂಡಲೇ ರಾಟೆ ನಿಂತುಬಿಡುತ್ತದೆ. ಆಮೇಲೆ ತಡವರಿಸಿ, ತಡವರಿಸಿ ಮತ್ತೆ ತಿರುಗುತ್ತದೆ. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ನಾನು ಮೊದಲು ಕೇಳಿದ್ದು ಇದನ್ನೇ. ಅಲ್ಲಿ ಒಂದು ಸೈಡ್ ಪೂರ್ತಿ ಕೇಳಿ ನೋಡಿಯೇ ತಗೋಬಹುದು. ಅವಸರ ಮಾಡುವುದಿಲ್ಲ.

ಮನೆಗೆ ತಂದದ್ದು 'ವಿಂಟರ್‌ರೈಸ', ಅಂದರೆ ಚಳಿಗಾಲದ ಪಯಣ. ಎರಡು ಪ್ಲೇಟು, 700 ರೂಪಾಯಿ. ವಿಲ್‌ಹೆಲ್ಮ್ ಮ್ಯೂಲರನ 24 ಕವಿತೆಗಳು. ಶೂಬರ್ಟ್ ರಾಗ ಹಾಕಿದ್ದು 1827ರಲ್ಲಿ, ಸಾಯುವ ಹಿಂದಿನ ವರ್ಷ. ಪ್ರೀತಿ ಮುರಿದು ಊರು ಬಿಟ್ಟವನು ಹಿಮದಲ್ಲಿ ನಡೆಯುತ್ತಾ ಹೋಗುತ್ತಾನೆ. ಕೊನೆಯ ಹಾಡಿನಲ್ಲಿ ಊರಾಚೆ ಒಬ್ಬ ಮುದುಕ ಸಿಗುತ್ತಾನೆ. ಬರಿಗಾಲು, ಮಂಜಿನ ನೆಲ, ತಟ್ಟೆಯಲ್ಲಿ ಕಾಸಿಲ್ಲ, ಸುತ್ತ ನಾಯಿ ಗುರ್ ಅನ್ನುತ್ತವೆ. ಆದರೂ ಹಿಡಿ ತಿರುಗಿಸುವ ತಂತಿವಾದ್ಯ ನುಡಿಸುವುದನ್ನು ಬಿಡುವುದಿಲ್ಲ. ನನಗೆ ನಮ್ಮ ಕಿನ್ನರಿ ಜೋಗಿಗಳು ಕಣ್ಮುಂದೆ ಬಂದರು. ಪಿಯಾನೊದ ಎಡಗೈ ಆ ಹಾಡಿನುದ್ದಕ್ಕೂ ಸ-ಪ ಬಿಟ್ಟು ಕದಲುವುದಿಲ್ಲ. ಥೇಟ್ ತಂಬೂರಿ.

ತೊಂದರೆ ಗೊತ್ತಾಗಿದ್ದೂ ಅಲ್ಲೇ. ಆ ಸ-ಪ ನಿಧಾನವಾಗಿ ಕೆಳಗೆ ಜಾರುತ್ತಿತ್ತು. ಬೇರೆ ಹಾಡಿನಲ್ಲಾದರೆ ತಿಳಿಯುತ್ತಿರಲಿಲ್ಲವೇನೋ. ಶ್ರುತಿ ಪೆಟ್ಟಿಗೆ ಪಕ್ಕದಲ್ಲಿಟ್ಟು ನೋಡಿದೆ. ಹಾಡಿನ ಶುರುವಿಗೆ ಕೂಡಿಸಿದ್ದು ಕೊನೆಗೆ ಕೂಡಲಿಲ್ಲ. ಮೇಲಾಗಿ ದನಿ ಒಡೆದ ಹಾಗೆ ಕೇಳುತ್ತಿತ್ತು.

ಮಾರನೇ ದಿನವೇ ಆಟೋದಲ್ಲಿ ತಗೊಂಡು ಹೋದೆ. ಅಂಗಡಿಯವರು ವಾದ ಮಾಡಲಿಲ್ಲ. ಕಪ್ಪು ಬಿಳಿ ಗೆರೆಗಳ ಒಂದು ದುಂಡು ರಟ್ಟನ್ನು ಪ್ಲೇಯರ್ ಮೇಲಿಟ್ಟು, ಸಣ್ಣ ನಿಯಾನ್ ಬಲ್ಬು ಹಿಡಿದರು. ನಮ್ಮ ಕರೆಂಟಿಗೆ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ರಟ್ಟಿನ ಆ ಸುತ್ತಿನಲ್ಲಿ 180 ಗೆರೆ. ಪ್ಲೇಟು ನಿಮಿಷಕ್ಕೆ ಸರಿಯಾಗಿ ಮೂವತ್ಮೂರು ಚಿಲ್ಲರೆ ಸುತ್ತು ತಿರುಗಿದರೆ ಗೆರೆಗಳು ನಿಂತ ಹಾಗೆ ಕಾಣಬೇಕು. ಮೊದಲು ನಿಂತೇ ಇದ್ದವು. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಇರುವೆ ಸಾಲಿನ ಹಾಗೆ ಹಿಂದಕ್ಕೆ ಹರಿಯುತ್ತಿದ್ದವು. ಮೋಟರ್ ಬಿಸಿಯಾದ ಮೇಲೆ ಹಳೇ ಬೆಲ್ಟ್ ಜಾರುತ್ತಿತ್ತು. ಬೆಲ್ಟ್ ಬದಲಿಸಿದರು, 400 ರೂಪಾಯಿ. ಮುಳ್ಳು ಸವೆದಿದ್ದನ್ನೂ ತೋರಿಸಿದರು. ಪ್ಲೇಟಿನ ಒಳಸುತ್ತು ಚಿಕ್ಕದು, ಅಷ್ಟೇ ಹೊತ್ತಿನ ಹಾಡು ಅಲ್ಲಿ ಇಕ್ಕಟ್ಟಾಗಿ ಕೂತಿರುತ್ತದೆ. ಮುಳ್ಳಿನ ಕೊರತೆ ಮೊದಲು ಕಾಣುವುದು ಅಲ್ಲೇ ಅಂದರು. ಮುದುಕನ ಹಾಡು ಇದ್ದದ್ದು ಕಟ್ಟಕಡೆಗೆ! ಹೊಸ ಮುಳ್ಳಿಗೆ 900 ಆಯಿತು. ಮಾರುವ ಮೊದಲೇ ಇದನ್ನೆಲ್ಲ ನೋಡಿ ಕೊಡಬೇಕಿತ್ತು, ಅದನ್ನು ಅವರಿಗೇ ಹೇಳಿದೆ.

ಇನ್ನೊಂದು ಕೊರತೆ, ರೆಕಾರ್ಡಿನ ಡಬ್ಬಗಳಲ್ಲಿ ಹಾಡಿನ ಸಾಹಿತ್ಯದ ಪುಸ್ತಕ ಇರುವುದಿಲ್ಲ. ಲೀಡ್‌ಗೂ, ಹಾಡಿನಲ್ಲೇ ನಡೆಯುವ ನಾಟಕವಾದ ಒಪೆರಾಕ್ಕೂ ಅದಿಲ್ಲದಿದ್ದರೆ ಅರ್ಧ ಸುಖ ಹೋಯಿತು ಅಲ್ವಾ? ವೇಬರ್‌ನ ಒಪೆರಾ 'ಡೆರ್ ಫ್ರೈಶ್ಯೂಟ್ಸ್' ಅಲ್ಲೇ ಸಿಕ್ಕಿತು, ಮೂರು ಪ್ಲೇಟು, 1,100 ರೂಪಾಯಿ, ಪುಸ್ತಕ ಇಲ್ಲ. ಕಥೆಯನ್ನು ಬೇರೆ ಕಡೆ ಓದಿಕೊಂಡು ಕೂತೆ. ನಡುರಾತ್ರಿ ಕಣಿವೆಯಲ್ಲಿ ಬಂದೂಕಿನ ಏಳು ಮಾಯದ ಗುಂಡು ಎರಕ ಹೊಯ್ಯುತ್ತಾರೆ. ಒಂದು, ಎರಡು ಅಂತ ಎಣಿಸುತ್ತಾ ಹೋದ ಹಾಗೆ ಬಿರುಗಾಳಿ ಏರುತ್ತದೆ. ಏಳನೆಯದು ಸೈತಾನನ ಪಾಲು. ಎಲ್ಲರೂ ಹಾಡುವ ಒಪೆರಾದಲ್ಲಿ ಅವನೊಬ್ಬ ಹಾಡುವುದಿಲ್ಲ, ಬರೀ ಮಾತು. ಅದಕ್ಕೇ ಮೈ ಜುಮ್ಮೆನ್ನುತ್ತದೆ. 1821ರಲ್ಲಿ ಬರ್ಲಿನ್‌ನಲ್ಲಿ ಮೊದಲ ಸಲ ಆಡಿದಾಗ ಶುರುವಿನ ವಾದ್ಯಗೋಷ್ಠಿಗೇ ಜನ ಒನ್ಸ್ ಮೋರ್ ಕೂಗಿ ಮತ್ತೆ ನುಡಿಸಿದರು. ಗುಬ್ಬಿ ಕಂಪನಿ ನಾಟಕ ನೋಡಿದ್ದ ನಮ್ಮ ತಾತ ಇದ್ದಿದ್ದರೆ ಇದನ್ನು ಸುಮ್ನೆ ಕೂತು ಕೇಳಿಸಿಕೊಳ್ಳುತ್ತಿರಲಿಲ್ಲ, ಅವರೂ ಕೂಗುತ್ತಿದ್ದರು.

ಸಿಂಫನಿಗಳು, ಅಂದರೆ ದೊಡ್ಡ ವಾದ್ಯವೃಂದದ ಕೃತಿಗಳು, ಕಡಿಮೆ. ಬೀಥೋವನ್ ಇದೆ, ಮೆಂಡೆಲ್ಸನ್‌ನ 'ಇಟಾಲಿಯನ್' ಇದೆ, ಬೆರ್ಲಿಯೋಜ್ ಇಲ್ಲ. ಶೂಬರ್ಟ್ 1822ರಲ್ಲಿ ಎರಡು ಭಾಗ ಮುಗಿಸಿ ಬಿಟ್ಟ 'ಅನ್‌ಫಿನಿಶ್ಡ್' ಎರಡು ಪ್ರತಿ ಇದ್ದವು. ಒಂದು ನಾನು ತಂದೆ, 350 ರೂಪಾಯಿ. ಶುರುವಿನಲ್ಲಿ ಚೆಲ್ಲೊ, ಬೇಸ್ ಅನ್ನುವ ದೊಡ್ಡ ತಂತಿವಾದ್ಯಗಳು ತೀರಾ ಮೆಲ್ಲಗೆ ನುಡಿಯುತ್ತವೆ, ಹಾಗಾಗಿ ಗೀರು ಬಿದ್ದಿಲ್ಲವೇ ಅಂತ ಬೆಳಕಿಗೆ ಹಿಡಿದು ನೋಡಿ ತಗೊಳ್ಳಿ. ಇನ್ನೊಂದು ಪ್ರತಿ ಹೋದ ಶನಿವಾರವೂ ಅಲ್ಲೇ ಇತ್ತು. ಮಧ್ಯಾಹ್ನ ಎರಡರಿಂದ ನಾಲ್ಕು ಬಾಗಿಲು ಹಾಕಿರುತ್ತಾರೆ, ನಾಲ್ಕರ ಮೇಲೆ ಹೋಗಿ.