ಶೋರೂಂ ಇಲ್ಲದ ವಿದ್ಯುತ್ ಕಾರು: ಮೂರು ಟೆಸ್ಟ್ ಡ್ರೈವ್‌ಗಳ ವಿಮರ್ಶೆ

ವಿದ್ಯುತ್ ಕಾರು ಕೊಳ್ಳುವುದೆಂದು ನಿಶ್ಚಯಿಸಿದ ಮೇಲೆ ನಾನು ಓಡಿಸಿ ನೋಡಿದ ಮೂರು ಕಾರುಗಳೂ ಡೀಲರ್‌ಗಳ ಹಂಗಿಲ್ಲದೆ ತಯಾರಕರೇ ಆನ್‌ಲೈನ್‌ನಲ್ಲಿ ನೇರವಾಗಿ ಮಾರುವಂಥವು. ಮೊದಲನೆಯದನ್ನು ಮಾಲ್ ಒಂದರಲ್ಲಿದ್ದ ಪುಟ್ಟ ಮಳಿಗೆಯಿಂದ ಪಡೆದು, ಕಂಪನಿಯ ಪ್ರತಿನಿಧಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಪ್ಪತ್ತು ನಿಮಿಷ ಓಡಿಸಿದೆ. ಎರಡನೆಯದರಲ್ಲಿ ಯಾರನ್ನೂ ಭೇಟಿಯಾಗುವ ಅಗತ್ಯವೇ ಬರಲಿಲ್ಲ. ಆ್ಯಪ್‌ನಲ್ಲಿ ಚಾಲನಾ ಪರವಾನಗಿಯ ಚಿತ್ರ ಹಾಕಿ ಸಮಯ ಕಾದಿರಿಸಿದರೆ, ಪಾರ್ಕಿಂಗ್ ಜಾಗದಲ್ಲಿ ನಿಂತಿರುವ ಕಾರಿನ ಬಾಗಿಲು ಫೋನಿನಿಂದಲೇ ತೆರೆದುಕೊಳ್ಳುತ್ತದೆ, ಅರ್ಧ ಗಂಟೆಯೊಳಗೆ ಅದನ್ನು ಅಲ್ಲಿಗೇ ತಂದು ನಿಲ್ಲಿಸಬೇಕು. ಮೂರನೆಯ ಕಂಪನಿ ಕಾರನ್ನು ಮನೆಯ ಬಾಗಿಲಿಗೇ ತಂದುಕೊಟ್ಟು ಮರುದಿನ ಅದೇ ಹೊತ್ತಿಗೆ ಬಂದು ಒಯ್ದಿತು. ಕೊಳ್ಳುವ ತೀರ್ಮಾನಕ್ಕೆ ನಿಜವಾಗಿ ನೆರವಾದದ್ದು ಈ ಕೊನೆಯದೊಂದೇ.

ಮಾಲ್‌ನ ಮಳಿಗೆಯಲ್ಲಿ ನನಗೆ ಮೆಚ್ಚುಗೆಯಾದದ್ದು ಮಾರಾಟದ ಒತ್ತಡವಿಲ್ಲದ ಸೌಜನ್ಯ. ಬೆಲೆಯ ಚೌಕಾಸಿ ಇಲ್ಲ, ಇಂದೇ ಮುಂಗಡ ಕಟ್ಟಿ ಎಂಬ ಅವಸರವಿಲ್ಲ. ಆದರೆ ಸಿಕ್ಕ ಇಪ್ಪತ್ತು ನಿಮಿಷಗಳಲ್ಲಿ ಮೂರನೇ ಒಂದು ಭಾಗ ಪರದೆಯ ಮೇಲಿನ ಆಯ್ಕೆಗಳನ್ನು ವಿವರಿಸುವುದರಲ್ಲಿಯೇ ಕಳೆಯಿತು, ಉಳಿದದ್ದು ಅವರೇ ಗೊತ್ತುಮಾಡಿದ ನುಣುಪಾದ ರಸ್ತೆಯಲ್ಲಿ ಮುಗಿಯಿತು. ಒಂದು ಖಾಲಿ ತಿರುವಿನ ನಂತರ ಪ್ರತಿನಿಧಿಯು ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಲು ಹೇಳಿದರು, ಬೆನ್ನು ಆಸನಕ್ಕೆ ಅಂಟಿಕೊಂಡಿತು. ನಿಂತಲ್ಲಿಂದಲೇ ಪೂರ್ಣ ಟಾರ್ಕ್ ಕೊಡುವುದು ವಿದ್ಯುತ್ ಮೋಟಾರಿನ ಸಹಜ ಗುಣವಾದ್ದರಿಂದ, ಈ ರೋಮಾಂಚನ ಇಂದು ಹೆಚ್ಚುಕಡಿಮೆ ಎಲ್ಲ ವಿದ್ಯುತ್ ಕಾರುಗಳಲ್ಲಿಯೂ ಸಿಗುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಏಕೆ ಆರಿಸಬೇಕೆಂಬುದಕ್ಕೆ ಅದು ಉತ್ತರವಾಗಲಾರದು.

ಆ್ಯಪ್‌ನ ಕಾರಿನಲ್ಲಿ ಪಕ್ಕದಲ್ಲಿ ಯಾರೂ ಇಲ್ಲದ ಸ್ವಾತಂತ್ರ್ಯ ಹಿತವಾಗಿತ್ತು. ಹೊಂಡಗಳಿರುವ ರಸ್ತೆಗೇ ಬೇಕೆಂದು ತಿರುಗಿಸಿದೆ, ಇಕ್ಕಟ್ಟಿನ ಜಾಗದಲ್ಲಿ ಹಿಂದಕ್ಕೆ ತೆಗೆದು ನೋಡಿದೆ. ಆದರೆ ಕಂಪನಿಯವರು ಗ್ರಾಹಕರ ಅನುಕೂಲಕ್ಕೆಂದೇ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿ ಇಟ್ಟಿದ್ದರು, ತೊಡಕಾದದ್ದು ಅದರಿಂದಲೇ. ಆಕ್ಸಿಲರೇಟರ್‌ನಿಂದ ಕಾಲು ತೆಗೆದೊಡನೆ ಮೋಟಾರು ಜನರೇಟರ್ ಆಗಿ ತಿರುಗಿ, ಕಾರಿನ ವೇಗವನ್ನು ತಗ್ಗಿಸುತ್ತ ಬ್ಯಾಟರಿಗೆ ವಿದ್ಯುತ್ತನ್ನು ಮರಳಿಸುವ ರೀಜನರೇಟಿವ್ ಬ್ರೇಕಿಂಗ್ ವ್ಯವಸ್ಥೆಯು, ತುಂಬಿದ ಬ್ಯಾಟರಿಯಲ್ಲಿ ಆ ವಿದ್ಯುತ್ತಿಗೆ ಜಾಗವೇ ಇಲ್ಲದ ಕಾರಣ ಬಹುಮಟ್ಟಿಗೆ ಕೆಲಸ ಮಾಡುವುದಿಲ್ಲ. ಹೀಗಾಗಿ ಒಂದೇ ಪೆಡಲ್‌ನಲ್ಲಿ ಓಡಿಸುವ ಅಭ್ಯಾಸ ನನಗೆ ಒಗ್ಗುತ್ತದೆಯೇ, ಹಿಂದಿನ ಸೀಟಿನವರಿಗೆ ಅದರಿಂದ ತಲೆಸುತ್ತು ಬರುತ್ತದೆಯೇ ಎಂಬ, ನಾನು ತಿಳಿಯಲೆಂದೇ ಹೋಗಿದ್ದ ಸಂಗತಿಗಳು ತಿಳಿಯಲೇ ಇಲ್ಲ. ಟೆಸ್ಟ್ ಡ್ರೈವ್ ಕಾದಿರಿಸುವವರು ಬ್ಯಾಟರಿ ಶೇ 60ರಿಂದ 70ರಷ್ಟು ಮಾತ್ರ ತುಂಬಿರಲಿ ಎಂದು ಮೊದಲೇ ಕೇಳಿಕೊಳ್ಳುವುದು ಒಳಿತು.

ಟೆಸ್ಟ್ ಡ್ರೈವ್ ಬೇಕೇ ಇಲ್ಲ ಎಂಬ ವಾದವೂ ಈ ಉದ್ಯಮದಲ್ಲಿ ಒಮ್ಮೆ ಗಂಭೀರವಾಗಿಯೇ ಕೇಳಿಬಂದಿತ್ತು. 2019ರ ಫೆಬ್ರುವರಿ ಕೊನೆಯಲ್ಲಿ ಟೆಸ್ಲಾ ಕಂಪನಿಯು ತನ್ನ ಮಾರಾಟವನ್ನೆಲ್ಲ ಆನ್‌ಲೈನ್‌ಗೆ ವರ್ಗಾಯಿಸಿ ಹೆಚ್ಚಿನ ಮಳಿಗೆಗಳನ್ನು ಮುಚ್ಚುವುದಾಗಿ ಘೋಷಿಸಿ, ಕೊಂಡ ಕಾರನ್ನು 7 ದಿನ ಅಥವಾ 1,000 ಮೈಲಿಗಳೊಳಗೆ ಹಿಂದಿರುಗಿಸಬಹುದಾದ್ದರಿಂದ ಕೊಳ್ಳುವ ಮುನ್ನ ಓಡಿಸಿ ನೋಡುವ ಅಗತ್ಯ ಉಳಿಯದು ಎಂಬ ನಿಲುವು ತಳೆಯಿತು. ಮಾರ್ಚ್‌ನಲ್ಲಿಯೇ ಮಳಿಗೆಗಳ ವಿಷಯದಲ್ಲಿ ಅದು ಅರ್ಧ ಹಿಂದೆ ಸರಿಯಿತು. 2020ರ ಅಕ್ಟೋಬರ್‌ನಲ್ಲಿ ಹಿಂದಿರುಗಿಸುವ ಸೌಲಭ್ಯವನ್ನೂ ಕೈಬಿಟ್ಟಿತು. ಹಣ ಪೂರ್ತಿ ಕಟ್ಟಿ, ನೋಂದಣಿಯೂ ಆದ ಕಾರನ್ನು ಮನಸ್ಸಿಗೆ ಬರಲಿಲ್ಲವೆಂದು ಮರಳಿಸುವ ಧೈರ್ಯ ಎಷ್ಟು ಜನರಿಗೆ ಇದ್ದೀತು? ನನಗಂತೂ ಇಲ್ಲ. ಆದ್ದರಿಂದ ಅಂಥ ಸೌಲಭ್ಯ ಇದ್ದರೂ ಅದು ಟೆಸ್ಟ್ ಡ್ರೈವ್‌ಗೆ ಬದಲಿಯಲ್ಲ ಎಂದೇ ನನ್ನ ಅಭಿಪ್ರಾಯ.

ಮನೆಗೆ ಬಂದ ಕಾರು ಒಂದೇ ದಿನದಲ್ಲಿ ಕಲಿಸಿದ್ದು ಬಹಳ. ಮೊದಲಿಗೆ, ಅದು ನಮ್ಮ ಗೇಟಿನೊಳಗೆ ಹೋದರೂ ಎಡಬದಿಯ ಬಾಗಿಲು ಪೂರ್ತಿ ತೆರೆಯಲಾಗಲಿಲ್ಲ. ಉದ್ದ ಅಗಲಗಳ ಅಂಕಿಗಳನ್ನು ಎಷ್ಟು ಓದಿದ್ದರೂ ಇದು ಹೊಳೆದಿರಲಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತ ತಂದೆಯವರು, ತೊಡೆಗಳು ಆಸನಕ್ಕೆ ತಾಗದೆ ಮೊಣಕಾಲು ಮೇಲೇಳುತ್ತದೆ ಎಂದರು. ಬ್ಯಾಟರಿ ನೆಲದಡಿಯಲ್ಲಿದ್ದು ಕಾಲಿಡುವ ಜಾಗ ಎತ್ತರವಾಗುವುದರಿಂದ ಇಂಥ ಕಾರುಗಳಲ್ಲಿ ಹೀಗಾಗುವುದುಂಟು, ಹತ್ತು ನಿಮಿಷದ ಸವಾರಿಯಲ್ಲಿ ಅದು ಯಾರ ಗಮನಕ್ಕೂ ಬಾರದು. ರಾತ್ರಿ ಮನೆಯ ಸಾಮಾನ್ಯ ಸಾಕೆಟ್ಟಿಗೆ ಸಿಕ್ಕಿಸಿಟ್ಟೆ. 60 ಕಿಲೋವ್ಯಾಟ್ ಅವರ್ ಸಾಮರ್ಥ್ಯದ ಬ್ಯಾಟರಿ ಒಂಬತ್ತು ಗಂಟೆಗಳಲ್ಲಿ ಶೇ 31ರಷ್ಟು ತುಂಬಿತು. ನನ್ನ ದಿನನಿತ್ಯದ ಓಡಾಟಕ್ಕೆ ಅಷ್ಟೇ ಸಾಕೆಂಬುದು ಖಚಿತವಾದಾಗ, ಗೋಡೆಗೆ ಬೇರೆ ಚಾರ್ಜರ್ ಹಾಕಿಸುವ ಚಿಂತೆಯೇ ತಪ್ಪಿತು.

ಎಲ್ಲಕ್ಕಿಂತ ಮುಖ್ಯವಾದದ್ದು ಹೆದ್ದಾರಿಯ ಲೆಕ್ಕ. ಒಮ್ಮೆ ತುಂಬಿಸಿದರೆ ಕಾರು ಎಷ್ಟು ದೂರ ಹೋಗುತ್ತದೆಂದು ಅಳೆಯಲು ಯುರೋಪಿನಲ್ಲಿ ಬಳಕೆಯಲ್ಲಿರುವ ಡಬ್ಲ್ಯುಎಲ್‌ಟಿಪಿ ಪ್ರಯೋಗಾಲಯ ಪರೀಕ್ಷೆಯು 30 ನಿಮಿಷಗಳದ್ದು, ಅದರ ಸರಾಸರಿ ವೇಗ ಗಂಟೆಗೆ ಸುಮಾರು 46 ಕಿಲೋಮೀಟರ್. ಗಾಳಿಯ ಪ್ರತಿರೋಧವಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಊರೊಳಗೆ ಕಿಲೋಮೀಟರಿಗೆ 140 ವ್ಯಾಟ್ ಅವರ್ ಬಳಸುತ್ತಿದ್ದ ಕಾರು, ಹೆದ್ದಾರಿಯಲ್ಲಿ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ 190ನ್ನು ಬಳಸಿತು. ಅಂದರೆ ಒಮ್ಮೆ ತುಂಬಿಸಿದರೆ 430 ಕಿಲೋಮೀಟರ್ ಹೋಗುವ ಬ್ಯಾಟರಿ ಅಲ್ಲಿ 315ಕ್ಕೇ ಬರಿದಾಗುತ್ತದೆ. ವೇಗದ ಚಾರ್ಜಿಂಗ್ ಕೇಂದ್ರದಲ್ಲಿ ಶೇ 24ರಿಂದ 80ಕ್ಕೆ 31 ನಿಮಿಷ ಹಿಡಿದರೆ, 80ರಿಂದ 90ಕ್ಕೆ ಏರಲು ಮತ್ತೆ 14 ನಿಮಿಷ ಬೇಕಾಯಿತು. ಬ್ಯಾಟರಿ ತುಂಬುತ್ತ ಬಂದಂತೆ ಕಾರೇ ವಿದ್ಯುತ್ತಿನ ಹರಿವನ್ನು ತಗ್ಗಿಸುತ್ತದೆ ಎಂದು ಓದಿ ತಿಳಿದಿದ್ದೆ; ಕಾಯುತ್ತ ಕುಳಿತಾಗಲೇ ಅದರ ಅರ್ಥ ಪೂರ್ತಿ ಮನದಟ್ಟಾಯಿತು.

ಈ ಸೇವೆಯಲ್ಲಿ ಕೊರತೆಗಳಿಲ್ಲವೆಂದಲ್ಲ. ಕಾರಿಗಾಗಿ ಮೂರು ವಾರ ಕಾಯಬೇಕಾಯಿತು. ಅಪಘಾತವಾದರೆ ನಾನು ಭರಿಸಬೇಕಾದ ಮೊತ್ತವನ್ನು ಒಪ್ಪಂದದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿದ್ದರು. ಅದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕಿತ್ತು. ರಾತ್ರಿ ಚಾರ್ಜಿಂಗ್ ಕೇಬಲ್ ಸಿಕ್ಕಿಕೊಂಡು ಹೊರಬಾರದಿದ್ದಾಗ ಸಹಾಯವಾಣಿಯವರು ಉತ್ತರಿಸಲು ಇಪ್ಪತ್ತೈದು ನಿಮಿಷ ತೆಗೆದುಕೊಂಡರು. ಬಂದ ಕಾರು ದೊಡ್ಡ ಚಕ್ರಗಳ ದುಬಾರಿ ಮಾದರಿಯದಾಗಿತ್ತು, ನಾನು ಕೊಳ್ಳಲಿದ್ದುದು ಚಿಕ್ಕ ಚಕ್ರಗಳದ್ದು. ಹಾಗಾಗಿ ಹೊಂಡಗಳಲ್ಲಿ ಅದರ ನಡೆ ಹೇಗಿರುತ್ತದೆಂಬುದನ್ನು ಊಹೆಗೇ ಬಿಡಬೇಕಾಯಿತು.

ಕೊನೆಗೆ ಆ ಮೂರನೆಯ ಕಾರನ್ನೇ ಕಾದಿರಿಸಿದ್ದೇನೆ, ಆದರೆ ಮೊದಲು ಯೋಚಿಸಿದ್ದ ಚಿಕ್ಕ ಬ್ಯಾಟರಿಯ ಬದಲು ದೊಡ್ಡದನ್ನು ಆರಿಸಿದ್ದೇನೆ. ಗೇಟಿನ ಎಡಗಂಬವನ್ನು ಒಂದು ಅಡಿ ಸರಿಸಲು ಗಾರೆಯವರಿಗೆ ಹೇಳಿಯಾಗಿದೆ.