ಸೆಕೆಂಡ್ ಹ್ಯಾಂಡ್ ಟೆನಿಸ್ ವೀಲ್‌ಚೇರ್: ಎಂಟು ತಿಂಗಳು ಆಡಿದ ಮೇಲೆ

ಕಬ್ಬನ್ ಪಾರ್ಕಿನ ಟೆನಿಸ್ ಕೋರ್ಟಿನಲ್ಲಿ ವೀಲ್‌ಚೇರ್ ಟೆನಿಸ್ ಆಟಗಾರ ಶೇಖರ್ ವೀರಸ್ವಾಮಿ ಆಡುವುದನ್ನು ನೋಡಿದ ಮೇಲೆ ನನಗೂ ಹುಚ್ಚು ಹತ್ತಿತು. ಮೊದಲು ದಿನಾ ಓಡಾಡುವ ಮಾಮೂಲಿ ವೀಲ್‌ಚೇರಿನಲ್ಲೇ ಆಡಲು ಹೋದೆ. ಜೋರಾಗಿ ತಿರುಗಿಸಿದ್ದೇ ತಡ, ಒಂದು ಕಡೆಯ ಚಕ್ರ ಮೇಲೆದ್ದು ಮಗುಚಿಕೊಂಡೆ. ಮೊಣಕೈ ಸುಲಿಯಿತು. ಆಮೇಲೆ ಹುಡುಕಾಡಿ, 70,000 ರೂಪಾಯಿ ಕೊಟ್ಟು ಈ ಟೆನಿಸ್ ಕುರ್ಚಿ ತಂದೆ.

ಮೊದಲ ದಿನವೇ ಪೇಚು. ಇದರ ಚಕ್ರಗಳು ನೆಟ್ಟಗಿರುವುದಿಲ್ಲ. ಮೇಲೆ ಒಳಕ್ಕೆ ವಾಲಿ, ಕೆಳಗೆ ಅಗಲವಾಗಿ ಚಾಚಿರುತ್ತವೆ. ನನ್ನದು 20 ಡಿಗ್ರಿ ಓರೆ. ನೆಲದ ಹತ್ತಿರ ಟೇಪ್ ಹಿಡಿದರೆ 36 ಇಂಚು. ನಮ್ಮ ಬಾಡಿಗೆ ಮನೆಯ ಮುಂಬಾಗಿಲು 33. ತಳ್ಳೋಣ ಅಂತ ಹಿಂದೆ ಬಂದ ಹೆಂಡತಿ "ಹಿಡ್ಕೊಳ್ಳೋಕೆ ಹ್ಯಾಂಡಲ್ಲೇ ಇಲ್ವಲ್ರೀ" ಎಂದು ನಿಂತುಬಿಟ್ಟಳು. ಹೌದು, ಹ್ಯಾಂಡಲ್ ಇಲ್ಲ, ಬ್ರೇಕೂ ಇಲ್ಲ, ಮಡಚಲೂ ಬರುವುದಿಲ್ಲ. ಚಕ್ರದ ನಡುವಿನ ಗುಂಡಿ ಒತ್ತಿ ಎಳೆದರೆ ಚಕ್ರವೇ ಕೈಗೆ ಬರುತ್ತದೆ. ಈಗ ಹಾಗೆ ಬಿಚ್ಚಿಯೇ ಒಳಗೆ ತರುತ್ತೇವೆ, ಆಟೋಗೂ ಹಾಗೇ ತುಂಬುತ್ತೇವೆ.

ಕೋರ್ಟಿಗೆ ಇಳಿದರೆ ಆ ಓರೆ ಯಾಕೆ ಅಂತ ಗೊತ್ತಾಗುತ್ತದೆ. ಎಷ್ಟು ಗಿರ್ರನೆ ತಿರುಗಿಸಿದರೂ ಇಲ್ಲಿಯವರೆಗೆ ಪಕ್ಕಕ್ಕೆ ಮಗುಚಿಲ್ಲ. ಹಿಂದೆ ಪುಟ್ಟದೊಂದು ಐದನೇ ಚಕ್ರವಿದೆ. ಸರ್ವ್ ಮಾಡುವಾಗ ಹಿಂದಕ್ಕೆ ಬಾಗಿದರೆ ಅದೇ ತಡೆಯುತ್ತದೆ. ಈ ಆಟದಲ್ಲಿ ಕೋರ್ಟ್, ನೆಟ್, ಚೆಂಡು ಎಲ್ಲಾ ಮಾಮೂಲಿ ಟೆನಿಸ್‌ನವೇ. ಚೆಂಡು ಎರಡು ಸಲ ಪುಟಿಯಬಹುದು, ಎರಡನೆಯದು ಗೆರೆಯಾಚೆ ಬಿದ್ದರೂ ಸರಿ. ಅದೊಂದೇ ದೊಡ್ಡ ರಿಯಾಯಿತಿ. ಪಕ್ಕಕ್ಕೆ ಹೆಜ್ಜೆ ಇಡಲು ಆಗುವುದಿಲ್ಲವಲ್ಲ, ಹಾಗಾಗಿ ಹೊಡೆದು ನಿಂತರೆ ಕೆಟ್ಟಿರಿ. ಸುತ್ತು ಹೊಡೆಯುತ್ತಲೇ ಇರಬೇಕು. ಅದೂ ಒಂದು ಕೈಯಲ್ಲಿ ರಾಕೆಟ್ ಹಿಡಿದೇ ಚಕ್ರ ತಳ್ಳುತ್ತಾ. ನನ್ನ ಹೆಬ್ಬೆರಳ ಬುಡದ ಬೊಬ್ಬೆ ಇನ್ನೂ ಆರಿಲ್ಲ.

ಜಪಾನಿನ ಶಿಂಗೊ ಕುನಿಯೆಡಾ ಆಡಿದ ವಿಡಿಯೊ ನೋಡಿ, ಕುರ್ಚಿ ಒಂದು ಕ್ಷಣವೂ ಸುಮ್ನೆ ನಿಲ್ಲುವುದಿಲ್ಲ. 28 ಗ್ರ್ಯಾಂಡ್ ಸ್ಲ್ಯಾಮ್ ಸಿಂಗಲ್ಸ್ ಗೆದ್ದವರು. ಅವರಿಗೂ ಹುಲ್ಲಿನ ಕೋರ್ಟಿನ ವಿಂಬಲ್ಡನ್ ಸಿಂಗಲ್ಸ್ ಸಿಕ್ಕಿದ್ದು 2022ರಲ್ಲಿ. ಅಲ್ಲಿ ವೀಲ್‌ಚೇರ್ ಸಿಂಗಲ್ಸ್ ಶುರುವಾಗಿದ್ದೇ 2016ರಲ್ಲಿ ಅನ್ನಿ. ಆದರೂ ಹುಲ್ಲಿನ ಮೇಲೆ ಚಕ್ರ ತಳ್ಳುವುದು ಎಷ್ಟು ಕಷ್ಟ ಅಂತ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಹತ್ತು ನಿಮಿಷ ಒದ್ದಾಡಿ ತಿಳಿದುಕೊಂಡಿದ್ದೇನೆ.

ಈಗ ನನ್ನ ತಕರಾರು. ಈ ಕುರ್ಚಿಗಳನ್ನು ಆಡುವವರ ಮೈ ಅಳತೆ ತೆಗೆದುಕೊಂಡು ಮಾಡುತ್ತಾರೆ. "ನಿಮಗೂ ಸರಿಹೋಗುತ್ತೆ ಬಿಡಿ ಸಾರ್" ಅಂದರು ಮಾರಿದವರು. ನಾನೂ ನಂಬಿದೆ. ಸೀಟು ನನಗೆ ಎರಡು ಇಂಚು ಜಾಸ್ತಿ ಅಗಲ. ಅಣ್ಣನ ಅಳತೆಗೆ ಹೊಲಿದ ಪ್ಯಾಂಟನ್ನು ತಮ್ಮ ಹಾಕಿಕೊಂಡ ಹಾಗೆ. ಕುರ್ಚಿ ಮೊದಲು ತಿರುಗುತ್ತದೆ, ಸೊಂಟ ಆಮೇಲೆ ತಿರುಗುತ್ತದೆ, ಅಷ್ಟರಲ್ಲಿ ಚೆಂಡು ಹೋಗಿರುತ್ತದೆ. ಹಳೇ ಯೋಗ ಮ್ಯಾಟ್ ಕತ್ತರಿಸಿ ಎರಡೂ ಪಕ್ಕ ತುರುಕಿ, ಬೆಲ್ಟ್ ಬಿಗಿದ ಮೇಲೆ ಎಷ್ಟೋ ವಾಸಿ. ಆದರೆ ಒಂದು ಮಾತು. ನನ್ನಂತೆ ಬೆನ್ನುಹುರಿಗೆ ಪೆಟ್ಟಾದವರಿಗೆ ಕೆಳಗೆ ಉಜ್ಜಿದರೂ ಗೊತ್ತಾಗುವುದಿಲ್ಲ. ಆಡಿ ಬಂದ ದಿನ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳಿ. ನಾನು ಒಮ್ಮೆ ನೋಡದೇ ಬಿಟ್ಟು, ಹುಣ್ಣಾಗಿ ಮೂರು ವಾರ ಮಲಗಿದ್ದೆ. ಕೊಳ್ಳುವ ಮುಂಚೆ ಅರ್ಧ ಗಂಟೆಯಾದರೂ ಕೂತು ತಿರುಗಿಸಿ ನೋಡಿ. ಸೀಟು ಸಡಿಲವಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಗಾಳಿ ಹಾಕಿಸುವುದು ಇನ್ನೊಂದು ಕಥೆ. ವಾಲ್ವಿನ ಮೂತಿ ಸಣ್ಣದು. ಪಂಕ್ಚರ್ ಅಂಗಡಿಯವರು "ಇದು ನಮ್ ಪೈಪಿಗೆ ಕೂರಲ್ಲ ಅಣ್ಣ" ಎಂದು ಕೈಯೆತ್ತಿದರು. ಸೈಕಲ್ ಅಂಗಡಿಯಲ್ಲಿ ಬೆರಳುಗುರಿನಷ್ಟು ದೊಡ್ಡ ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ, ಎರಡು ತಂದಿಟ್ಟುಕೊಳ್ಳಿ. ಒಂದು ಖಂಡಿತ ಕಳೆದುಹೋಗುತ್ತದೆ.

ಮುಂದಿನ ಪುಟ್ಟ ಚಕ್ರಗಳು ತಂದಾಗಲೇ ಸವೆದಿದ್ದವು. ಮಾರಿದವರು ಫೋನ್ ಎತ್ತಲಿಲ್ಲ. ಒಂದು ಸಂಜೆ ಮಗಳ ಸ್ಕೇಟಿಂಗ್ ಶೂ ಮೇಲೆ ಕಣ್ಣು ಬಿತ್ತು. ಬಿಚ್ಚಿ ಹಾಕಿ ನೋಡಿದೆ, ಅಳತೆ ಸರಿಯಾಗಿ ಕೂತಿತು. ನಾಲ್ಕು ತಿಂಗಳಿಂದ ಅವುಗಳ ಮೇಲೇ ಆಡುತ್ತಿದ್ದೇನೆ. ಬೇಸಿಗೆ ರಜೆಯೊಳಗೆ ವಾಪಸ್ ಕೊಡಬೇಕು ಎಂದು ಅವಳು ಗಡುವು ಕೊಟ್ಟಿದ್ದಾಳೆ.